ಮುರುಗಲು: ಬೇಸಗೆಗೊಂದು ಲೋಟ, ಮಳೆಗೊಂದು ಲೋಟ

ಮರ ಇನ್ನೂ ಹತ್ತು ಮಾರು ದೂರ ಇರುವಾಗಲೇ ಕಾಲಡಿಯಲ್ಲಿ ಪಚಕ್ಕನೆ ಏನೋ ಒಡೆಯುತ್ತದೆ. ತರಗೆಲೆ ಸರಿಸಿದರೆ ಒಂದು ಹಣ್ಣು. ಸೀಳಿದ ಸಿಪ್ಪೆಯ ಕಡುಕೆಂಪು ರಸ ಚಪ್ಪಲಿಯ ಪಟ್ಟಿಗೆ ಹತ್ತಿದೆ. ಬಗ್ಗಿದ ಮೇಲೆ ಕಣ್ಣು ಪಳಗುತ್ತದೆ. ಅಲ್ಲೊಂದು, ಇಲ್ಲೊಂದು, ಬೇರಿನ ಸಂದಿಯಲ್ಲಿ ನಾಲ್ಕು, ಇಳಿಜಾರಿನಲ್ಲಿ ಉರುಳಿ ಹೋಗಿ ಕಲ್ಲಿಗೆ ತಡೆದು ನಿಂತ ಏಳೆಂಟು. ಕೆಲವು ಅರ್ಧ ಕಚ್ಚಿದವು, ಹಲ್ಲಿನ ಗುರುತು ಇನ್ನೂ ಹಸಿ. ಮಂಗಗಳು ನಮಗಿಂತ ಮುಂಚೆ ಬಂದು ಹೋಗಿವೆ.

ಮೇ ತಿಂಗಳ ನಡುವಿನ ಬೆಳಗು, ಶಿರಸಿ ಸೀಮೆಯ ಒಂದು ಸೊಪ್ಪಿನ ಬೆಟ್ಟ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಅದಕ್ಕೆ ಸೊಪ್ಪು ತರಗು ಒದಗಿಸುವ ಕಾಡು ಇದು. ಕೃತ್ತಿಕೆ ಮಳೆಯ ನಕ್ಷತ್ರ ಹುಟ್ಟಿದೆ. ನಿನ್ನೆ ಸಂಜೆ ಎರಡು ಗುಡುಗು ಗುಡುಗಿ ನಾಲ್ಕು ಹನಿ ಉದುರಿಸಿ ಹೋಗಿದ್ದರಿಂದ ಮಣ್ಣಿನ ಮೇಲಿನ ಧೂಳಷ್ಟೇ ಅಡಗಿದೆ. ಗಾಳಿ ಅಲುಗದೆ ನಿಂತಿದೆ. ಏಳು ಗಂಟೆಗೇ ಬೆನ್ನು ಬೆವರುತ್ತಿದೆ.

ಮುರುಗಲು ಮರವನ್ನು ದೂರದಿಂದಲೇ ಗುರುತಿಸಬಹುದು. ಉಳಿದ ಮರಗಳು ಆಕಾಶದ ಕಡೆಗೆ ಕೈ ಚಾಚಿದ್ದರೆ ಇದರ ಕೊಂಬೆಗಳು ನೆಲದ ಕಡೆಗೆ ಬಾಗಿರುತ್ತವೆ. ಮೇಲೆ ಚೂಪು, ಕೆಳಗೆ ಅಗಲ, ಕಡುಹಸಿರು ಎಲೆಯ ಗೋಪುರ. ಕೊಂಬೆಯ ತುದಿಯ ಎಳೆಚಿಗುರು ಕೆಂಪು. ಅದರ ನಡುವೆ ಲಿಂಬೆ ಗಾತ್ರದ ಹಣ್ಣು: ಹಸಿರು, ಕೆಂಪು, ಕಪ್ಪಿಗೆ ತಿರುಗಿದ ನೇರಳೆ, ಮೂರೂ ಬಣ್ಣ ಒಂದೇ ರೆಂಬೆಯಲ್ಲಿ. ಅಣ್ಣ ದೋಟಿ ಎತ್ತಿ ರೆಂಬೆಯನ್ನು ಮೆಲ್ಲಗೆ ಅಲುಗಿಸುತ್ತಾನೆ, ಬಡಿಯುವುದಿಲ್ಲ. ಮಾಗಿದವು ತಾವಾಗಿ ಬಿಡುತ್ತವೆ, ಮಾಗದವು ಹಿಡಿದುಕೊಳ್ಳುತ್ತವೆ. ಹಸಿರು ಹಣ್ಣು ಕಿತ್ತರೆ ಹುಳಿ ಸಿಗುತ್ತದೆ, ಬಣ್ಣ ಸಿಗುವುದಿಲ್ಲ. ಬಣ್ಣವಿಲ್ಲದ ಮುರುಗಲಿನಲ್ಲಿ ಪರಿಮಳವೂ ಇರುವುದಿಲ್ಲ ಎಂಬುದು ಈ ಮನೆಯವರ ನಂಬಿಕೆ. ಕುಡಿದು ನೋಡಿದ ಮೇಲೆ ನನ್ನದೂ ಅದೇ ಆಗಿದೆ.

"ಬೇಗ ಹೆಕ್ಕು. ಮಧ್ಯಾಹ್ನದ ಮೇಲೆ ಮಳೆ ಬಪ್ಪಂಗೆ ಇದ್ದು," ಎನ್ನುತ್ತಾನೆ ಅಣ್ಣ.

ಒಂದು ಹಣ್ಣನ್ನು ಎರಡು ಹೆಬ್ಬೆರಳ ನಡುವೆ ಇಟ್ಟು ಒತ್ತಿ. ಸಿಪ್ಪೆ ದಪ್ಪ, ಆದರೆ ಮೃದು, ಸಲೀಸಾಗಿ ಹೋಳಾಗುತ್ತದೆ. ಒಳಗೆ ಬೆಳ್ಳಗಿನ ತಿರುಳು ಸುತ್ತಿಕೊಂಡ ಐದಾರು ಬೀಜ, ಅಂಚಿನಲ್ಲಿ ಸಿಪ್ಪೆಯ ಕೆಂಪು ಹತ್ತಿ ನಸುಗುಲಾಬಿ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಮರುಕ್ಷಣ ಹುಳಿ, ಆಮೇಲೆ ಹಲ್ಲಿನ ಬುಡದಲ್ಲಿ ಜುಮ್ಮೆನ್ನುವ ಒಗರು. ಮ್ಯಾಂಗೋಸ್ಟೀನ್ ತಿಂದವರಿಗೆ ಈ ಬಿಳಿ ತಿರುಳು ಪರಿಚಿತ ಅನಿಸೀತು. ಎರಡೂ ಗಾರ್ಸಿನಿಯಾ ಕುಲದವೇ. ಮ್ಯಾಂಗೋಸ್ಟೀನ್‌ನಲ್ಲಿ ತಿರುಳು ತಿಂದು ಸಿಪ್ಪೆ ಎಸೆಯುತ್ತೇವೆ. ಇಲ್ಲಿ ಸಿಪ್ಪೆಯೇ ಬೇಕಾದದ್ದು, ಬಿಸಿಗೂ ತಂಪಿಗೂ.

ಮುರುಗಲು, ಅಂದರೆ ಗಾರ್ಸಿನಿಯಾ ಇಂಡಿಕಾ, ಪಶ್ಚಿಮಘಟ್ಟದ ಸ್ವಂತ ಮರ. ಕೊಂಕಣದಿಂದ ಗೋವೆ, ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡು, ದಕ್ಷಿಣ ಕನ್ನಡ, ಕೊಡಗು ದಾಟಿ ಕೇರಳದ ಉತ್ತರ ಭಾಗದವರೆಗೆ ಅದರ ಊರು. ಮಂಗಳೂರಿನ ಕಡೆ ಪುನರ್ಪುಳಿ, ರತ್ನಾಗಿರಿಯಲ್ಲಿ ಕೋಕಂ. ನವೆಂಬರಿನಿಂದ ಹೂ ಬಿಟ್ಟು, ಇಡೀ ಬೇಸಗೆ ಕಾಯಿ ಹೊತ್ತು, ಸರಿಯಾಗಿ ಮಳೆಯ ಹೊಸ್ತಿಲಿಗೆ ಬಂದು ಹಣ್ಣಾಗುವುದು ಅದರ ಹಟ. ಏಪ್ರಿಲ್ ಕೊನೆಗೆ ಮೊದಲ ಹಣ್ಣು, ಜೂನ್ ಮೊದಲ ವಾರಕ್ಕೆ ಮುಂಗಾರು. ನಡುವಿನ ಆ ಕೆಲವು ವಾರಗಳಲ್ಲಿ ಹೆಕ್ಕಿ, ಸೀಳಿ, ಒಣಗಿಸಿ ಮುಗಿಯಬೇಕು. ಮೃಗಶಿರ ಹಿಡಿದ ಮೇಲೆ ಮರದಲ್ಲಿ ಉಳಿದದ್ದೆಲ್ಲ ನೀರು ಕುಡಿದು ಉದುರಿ ಬುಡದಲ್ಲಿ ಕೊಳೆಯುತ್ತದೆ.

ಹೆಡಿಗೆ ತುಂಬಿದೆ. ಇಳಿಜಾರಿನಲ್ಲಿ ಜಾರದಂತೆ ಹೆಜ್ಜೆ ಊರುತ್ತ ಇಳಿದರೆ ಮನೆಯಂಗಳ. ಅಡಿಕೆ ಒಣಗಿಸುವ ಕೆಲಸ ಎಂದೋ ಮುಗಿದು ಅಂಗಳ ಖಾಲಿಯಾಗಿದೆ. ಈಗ ಅದು ಪೂರ್ತಿ ಮುರುಗಲಿನದು. ಜಗಲಿಯ ಮೇಲೆ ಅತ್ತಿಗೆ, ಪಕ್ಕದ ಕೇರಿಯ ಇಬ್ಬರು ಹೆಂಗಸರು, ನಡುವೆ ಈಳಿಗೆಗಳು. ಹಣ್ಣು ಈಳಿಗೆಗೆ ತಾಗಿ ಎರಡು ಬಟ್ಟಲಾಗಿ ಬೀಳುತ್ತದೆ. ಹೆಬ್ಬೆರಳು ಒಳಗೆ ಒಂದು ಸುತ್ತು ತಿರುಗುತ್ತದೆ. ಬೀಜ ಬೋಗುಣಿಗೆ, ಸಿಪ್ಪೆ ಚಾಪೆಗೆ. ಹರಟೆ ಒಂದು ಕ್ಷಣವೂ ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಮೊಣಕೈವರೆಗೆ ಎಲ್ಲರ ಕೈಯೂ ನೇರಳೆ. ಊಟಕ್ಕೆ ಏಳುವಾಗ ಸೋಪು ಹಚ್ಚಿ ತೊಳೆಯುತ್ತಾರೆ, ಕೆಂಪು ಬಣ್ಣ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಕೈ ಒಡ್ಡಿ ನಕ್ಕು ನಮಗೂ ತೋರಿಸುತ್ತಾರೆ. ಈ ಬಣ್ಣದ ಗುಣವೇ ಹಾಗೆ: ಹುಳಿಯಲ್ಲಿ ಕೆಂಪು, ಸೋಪಿನಂಥ ಕ್ಷಾರದಲ್ಲಿ ನೀಲಿ. ನೇರಳೆಹಣ್ಣಿನ, ದಾಸವಾಳದ ಬಣ್ಣವೂ ಇದೇ ಆಂಥೋಸಯಾನಿನ್ ಬಳಗದ್ದು. ಮುರುಗಲಿನಲ್ಲಿ ಹುಳಿ ವಿಪರೀತ ಇರುವುದರಿಂದಲೇ ಲೋಟದಲ್ಲಿ ಅದು ಅಷ್ಟು ಉರಿಯುವ ಕೆಂಪಾಗಿ ನಿಲ್ಲುತ್ತದೆ.

ಚಾಪೆಯ ಮೇಲೆ ಸಿಪ್ಪೆಗಳು ಬಾಯಿ ಮೇಲಾಗಿ ಕುಳಿತಿವೆ. ಬೋಗುಣಿಯ ತಳದಲ್ಲಿ ತಿರುಳಿನ ರಸ ಸೇರಿದೆ. ಕೊಂಕಣದ ಕಡೆ ಆ ರಸಕ್ಕೆ ಉಪ್ಪು ಬೆರೆಸಿ, ಅರೆ ಒಣಗಿದ ಸಿಪ್ಪೆಯನ್ನು ಮತ್ತೆ ಮತ್ತೆ ಅದರಲ್ಲಿ ಅದ್ದಿ ಒಣಗಿಸುತ್ತಾರೆ. ಮೀನಿನ ಸಾರಿಗೆ ಬೀಳುವ ಕಪ್ಪನೆಯ ಮೆತ್ತನೆಯ ಅಮಸೂಲ ಹಾಗೆ ಆಗುವುದು. ಈ ಮನೆಯಲ್ಲಿ ಉಪ್ಪು ಹಾಕುವುದಿಲ್ಲ. ಕಷಾಯಕ್ಕೆ ಹೋಗುವ ಸಿಪ್ಪೆ ಬರಿಯ ಬಿಸಿಲು ಕುಡಿದು ಒಣಗಬೇಕು. ನಾಲ್ಕೈದು ಖಡಕ್ ಬಿಸಿಲು ಸಿಕ್ಕರೆ ಅದು ಮುದುರಿ, ಮಡಚಿದರೆ ಚರ್ಮದ ಹಾಗೆ ಬಾಗಿ, ಮುರಿಯದೆ ನಿಲ್ಲುವ ಹದಕ್ಕೆ ಬರುತ್ತದೆ.

ಆ ಬಿಸಿಲು ಸಿಗುವುದೇ ಕಷ್ಟ. ಎರಡೂವರೆಗೆ ಪಡುವಣದಲ್ಲಿ ಮೋಡ ಕಟ್ಟುತ್ತದೆ. ಯಾರೂ ಯಾರನ್ನೂ ಕರೆಯುವುದಿಲ್ಲ. ಗಾಳಿಯ ಮೊದಲ ಬೀಸಿಗೇ ಜಗಲಿಯಿಂದ ಎಲ್ಲರೂ ಎದ್ದು ಅಂಗಳಕ್ಕೆ ಇಳಿದಿರುತ್ತಾರೆ. ನಾಲ್ಕು ಮೂಲೆ ಹಿಡಿದು ಚಾಪೆ ಎತ್ತಿ ಒಳಗೆ ಓಡುವಷ್ಟರಲ್ಲಿ ಹೆಂಚಿನ ಮೇಲೆ ಹನಿ ಬೀಳುವ ಸದ್ದು. ಒಂದು ಚಾಪೆ ಅರ್ಧ ತೊಯ್ಯುತ್ತದೆ. ಅತ್ತಿಗೆ ಅದನ್ನು ಬೇರೆಯಾಗಿ ಇಡುತ್ತಾರೆ. ಮಳೆನೀರು ತಾಗಿದ ಸಿಪ್ಪೆ ಎರಡು ದಿನದಲ್ಲಿ ಬೂಸಲು ಹಿಡಿಯುತ್ತದೆ, ಒಳ್ಳೆಯದರ ಜೊತೆ ಸೇರಿದರೆ ಡಬ್ಬವನ್ನೇ ಕೆಡಿಸುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಹೊಗೆಯಲ್ಲಿ ಒಣಗಿಸಬಹುದು, ಆದರೆ ಹೊಗೆಯ ವಾಸನೆ ಕಷಾಯದವರೆಗೂ ಬರುತ್ತದೆ. ಅದು ಸಾರಿಗಾಯಿತು ಎನ್ನುತ್ತಾರೆ ಅತ್ತಿಗೆ.

ಇದೇ ಕಾಡಿನಲ್ಲಿ ಇದರ ಸೋದರ ಇದೆ, ಉಪ್ಪಾಗೆ. ಅದರ ಹಣ್ಣು ನಡುಮಳೆಗಾಲದಲ್ಲಿ ಹಳದಿಯಾಗುವುದರಿಂದ ಅದಕ್ಕೆ ಬಿಸಿಲಿನ ಭಾಗ್ಯವೇ ಇಲ್ಲ. ಕಾಡಿನಿಂದ ಹೊತ್ತು ತಂದ ಉಪ್ಪಾಗೆಯನ್ನು ರಾತ್ರಿಯಿಡೀ ಸೌದೆ ಉರಿಸಿ ಒಣಗಿಸಬೇಕಾಗುತ್ತದೆ. ಹಣ್ಣೂ ಕಾಡಿನದು, ಸೌದೆಯೂ ಕಾಡಿನದು. ಸಿಂಗಳೀಕಗಳಿಗೂ ಆ ಹಣ್ಣು ಇಷ್ಟ. ಬೆಲೆ ಏರಿದ ವರ್ಷ ಹಸಿರುಗಾಯಿಗೇ ಕೈ ಹಾಕಿ, ರೆಂಬೆ ಕಡಿದು ಕೊಯ್ಯುವವರು ಇದ್ದಾರೆ. ಆ ನೋವು ಗೊತ್ತಿರುವ ಮನೆಯಾದ್ದರಿಂದಲೇ ಬೆಳಿಗ್ಗೆ ಅಣ್ಣನ ದೋಟಿ ಅಷ್ಟು ಮೆಲ್ಲಗೆ ಆಡಿದ್ದು.

ಮಳೆ ಅರ್ಧ ಗಂಟೆಯಲ್ಲಿ ಸರಿದು ಹೋಗುತ್ತದೆ. ಬಿಸಿಲು ಮತ್ತೆ ಬರುತ್ತದೆ, ಈ ಸಲ ಹಬೆಯ ಜೊತೆ. ಅಂಗಿ ಮೈಗೆ ಅಂಟುತ್ತದೆ. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳುತ್ತಾರೆ: "ಆಸರಿಗೆ ಎಂತ ಮಾಡ್ಲಿ? ಬಿಸಿದಾ, ತಂಪಿಂದಾ?"

ಈ ಸೆಕೆಯಲ್ಲಿ ಬಿಸಿಯದನ್ನು ಯಾರು ಕೇಳಿಯಾರು?

ಅವರ ಹಿಂದೆ ಅಡುಗೆಮನೆಗೆ ಬನ್ನಿ. ಮೂಲೆಯಲ್ಲಿ ಸಾಲಾಗಿ ಭರಣಿಗಳು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ. ಹಗಲು ಇವು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗಿರುತ್ತವೆ. ತಾಮ್ರ, ಹಿತ್ತಾಳೆ, ಕಬ್ಬಿಣ ಯಾವುದೂ ಇಲ್ಲಿ ಹತ್ತಿರ ಸುಳಿಯುವಂತಿಲ್ಲ, ಈ ಹುಳಿ ಲೋಹವನ್ನು ತಿನ್ನುತ್ತದೆ. ಒಂದು ಭರಣಿಯ ಬಟ್ಟೆ ಬಿಚ್ಚಿದರೆ ಮೂಗಿಗೆ ಮೊದಲು ಬರುವುದು ಹಣ್ಣಿನ ವಾಸನೆ, ಅದರ ಹಿಂದೆ ಸಣ್ಣಗೆ ಹುದುಗಿನ ಗಾಟು. ಹಸಿ ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ ಒಂದರ ಮೇಲೊಂದು ಪದರ ಕೂರಿಸಿದ್ದರು. ಸಿಪ್ಪೆ ಒಂದು ಪಾಲಾದರೆ ಸಕ್ಕರೆ ಎರಡು. ಒಂದು ಹನಿ ನೀರು ಹಾಕಿಲ್ಲ, ಒಲೆ ಕಂಡಿಲ್ಲ. ಸಕ್ಕರೆಯೇ ಸಿಪ್ಪೆಯೊಳಗಿನ ರಸವನ್ನು ಎಳೆದುಕೊಂಡು, ತಾನು ಕರಗಿ, ಭರಣಿಯ ಅರ್ಧಕ್ಕೆ ಕಡುಗೆಂಪು ಪಾಕವಾಗಿ ನಿಂತಿದೆ. ಸಿಪ್ಪೆಗಳು ಸೊರಗಿ ತಳ ಸೇರಿವೆ.

ಕೆಲಸ ಬೇಗ ಮುಗಿಯಲೆಂದು ಸಿಪ್ಪೆಯನ್ನು ರುಬ್ಬಿ, ಕುದಿಸಿ, ಸೋಸಿ ಮಾಡುವ ಪಾಕವೂ ಪೇಟೆಯಲ್ಲಿ ಸಿಗುತ್ತದೆ. ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಕುಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಕುದಿಸಿದ್ದರಲ್ಲಿ ಹುಳಿ ಇರುತ್ತದೆ, ಸಿಹಿ ಇರುತ್ತದೆ, ಬಣ್ಣ ಮಾತ್ರ ಕಂದಿಗೆ ಇಳಿದಿರುತ್ತದೆ. ಬಿಸಿಲು ಕಂಡ ಭರಣಿಯದ್ದರಲ್ಲಿ ಬೆಳಿಗ್ಗೆ ಮರದಡಿ ಬಾಯಿಗೆ ಹಾಕಿಕೊಂಡ ಆ ಹಣ್ಣು ಇನ್ನೂ ಹಣ್ಣಾಗಿಯೇ ಇರುತ್ತದೆ. ಒಲೆಯ ಉರಿಗೆ ಈ ಬಣ್ಣ ತಡೆಯುವುದಿಲ್ಲ, ಪರಿಮಳ ಹಬೆಯ ಜೊತೆ ಹಾರುತ್ತದೆ. ಶರಬತ್ತಿಗೆ ಬಿಸಿಲು ಸಾಕು, ಬೆಂಕಿ ಬೇಡ.

ಅತ್ತಿಗೆ ಸೌಟಿನಲ್ಲಿ ಪಾಕ ತೆಗೆದು ಸ್ಟೀಲಿನ ಪಾತ್ರೆಗೆ ಹಾಕುತ್ತಾರೆ. ಒಂದು ಪಾಲು ಪಾಕ, ಐದಾರು ಪಾಲು ಮಣ್ಣಿನ ಹೂಜಿಯ ನೀರು. ಹುರಿದು ಕುಟ್ಟಿದ ಜೀರಿಗೆ ಒಂದು ಚಿಟಿಕೆ. ಉಪ್ಪಿನ ಕಲ್ಲು ಎರಡು. ಏಲಕ್ಕಿ ಹಾಕುವವರಿದ್ದಾರೆ, ಇವರು ಹಾಕುವುದಿಲ್ಲ. ತಣ್ಣಗಿನ ಮುರುಗಲಿಗೆ ಏಲಕ್ಕಿ ಮೇಲುಗೈ ಮಾಡುತ್ತದೆ ಎಂದು ಅವರ ಆಕ್ಷೇಪ. ಬದಲಿಗೆ ಹೂಜಿಯಲ್ಲಿ ಮೊದಲೇ ಲಾವಂಚದ ಬೇರಿನ ಸಣ್ಣ ಕಟ್ಟು ಮುಳುಗಿದೆ. ಫ್ರಿಜ್ಜಿನಿಂದ ಐಸು ತೆಗೆದು ಲೋಟಕ್ಕೆ ಎರಡೆರಡು ತುಂಡು.

ಕುಡಿಯಿರಿ. ಐಸಿನ ತಂಪು ಮೊದಲು ಹಲ್ಲಿಗೆ ತಾಗುತ್ತದೆ. ಹುಳಿ ನಾಲಿಗೆಯ ಎರಡು ಅಂಚಿನಿಂದ ಏರಿ ಬರುತ್ತದೆ, ಸಿಹಿ ಅದನ್ನು ನಡುವೆ ಹಿಡಿದು ನಿಲ್ಲಿಸುತ್ತದೆ. ಉಪ್ಪು ಇದೆ ಎಂದು ಗೊತ್ತಾಗುವುದಿಲ್ಲ, ಅದಿಲ್ಲದ ಲೋಟ ಕುಡಿದರೆ ಇಲ್ಲ ಎಂದು ಗೊತ್ತಾಗುತ್ತದೆ. ಗುಟುಕು ಇಳಿದ ಮೇಲೆ ಗಂಟಲಲ್ಲಿ ಒಗರಿನ ಸಣ್ಣ ಎಳೆ, ಅದರ ಹಿಂದೆ ಲಾವಂಚದ ಹಸಿಮಣ್ಣಿನ ವಾಸನೆ. ಬೆವರು ಆರತೊಡಗುತ್ತದೆ. ಎರಡನೆಯ ಲೋಟವನ್ನು ಅತ್ತಿಗೆ ಕೇಳದೆ ತುಂಬುತ್ತಾರೆ.

ಘಟ್ಟ ಇಳಿದು ಕುಮಟೆ, ಗೋಕರ್ಣದ ಕಡೆ ಹೋದರೆ ಇದೇ ಪಾಕಕ್ಕೆ ಸೋಡಾ ಬೀಳುತ್ತದೆ. ಬುರುಬುರು ನೊರೆ ಗುಲಾಬಿಯಾಗಿ ಉಕ್ಕುವುದು ಮಕ್ಕಳಿಗೆ ಹಬ್ಬ. ಚೆನ್ನಾಗಿಯೇ ಇರುತ್ತದೆ. ಆದರೂ ಸೋಡಾದ ಕಚಗುಳಿ ಒಗರನ್ನು ನುಂಗುತ್ತದೆ, ನನಗೆ ಹೂಜಿಯ ನೀರಿನದೇ ಮೇಲು.

ಪೇಟೆಯಲ್ಲಿ ಈಗ 'ಫ್ರೂಟ್ ಟೀ' ಪೊಟ್ಟಣಗಳು ಸಾಲುಗಟ್ಟಿವೆ. ಅವುಗಳಲ್ಲಿ ಚಹಾದ ಎಲೆ ಒಂದೂ ಇರುವುದಿಲ್ಲ, ಆದ್ದರಿಂದ ಕೆಫೀನೂ ಇಲ್ಲ. ಒಣಗಿದ ಸೇಬಿನ ಚೂರು, ಕಾಡುಗುಲಾಬಿಯ ಕಾಯಿ, ಕಿತ್ತಳೆ ಸಿಪ್ಪೆ, ಮತ್ತು ಬಹುಪಾಲು ಪೊಟ್ಟಣಗಳಲ್ಲಿ ಕೆಂಪಿಗೂ ಹುಳಿಗೂ ಆಧಾರವಾಗಿ ಹಿಬಿಸ್ಕಸ್ ಸಬ್ಡರಿಫಾ. ಈಜಿಪ್ಟ್, ಸುಡಾನಿನಲ್ಲಿ ಅದೊಂದನ್ನೇ ಕರ್ಕಡೆ ಎಂದು ಬಿಸಿಯಾಗಿಯೂ ತಣ್ಣಗೂ ಕುಡಿಯುತ್ತಾರೆ. ರಾಯಚೂರು, ಕಲಬುರಗಿಯವರು ಸೊಪ್ಪು ಬೇಯಿಸಿ ರೊಟ್ಟಿಯ ಜೊತೆ ತಿನ್ನುವ ಪುಂಡಿಯ ಬಳಗವೇ ಅದು. ಆ ಪೊಟ್ಟಣಗಳ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಪೇಯಗಳೇ. ಆದರೆ ಅದೇ ಕೆಂಪು, ಅದೇ ಹುಳಿ, ಅದಕ್ಕಿಂತ ಒಂದು ಪದರ ಹೆಚ್ಚಿನ ರುಚಿ ನಮ್ಮ ಬೆಟ್ಟದಲ್ಲಿ ಕಾಲಡಿ ಪಚಕ್ಕೆನ್ನುತ್ತ ಕೊಳೆಯುವಾಗ ಹೊಟ್ಟೆ ಉರಿಯುತ್ತದೆ.

ಹೊರಗಿನವರು ಈ ಕುಲದ ಹಣ್ಣುಗಳನ್ನು ಹುಡುಕಿಕೊಂಡು ಬಂದದ್ದೂ ಉಂಟು, ಅದು ರುಚಿಗಾಗಿ ಅಲ್ಲ. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಉಪ್ಪಾಗೆಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಗುರುತಿಸಿದರು. ಮುರುಗಲಿನ ಸಿಪ್ಪೆಯಲ್ಲೂ ಅದು ಇದೆ. ಅದು ಬೊಜ್ಜು ಕರಗಿಸುತ್ತದೆಂದು ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಮಾತ್ರೆಗಳ ಸುಗ್ಗಿ ಎದ್ದಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲ ಬಂತು. 135 ಜನರ ಮೇಲೆ 12 ವಾರ ನಡೆಸಿ ನೋಡಿದಾಗ ನಿಜವಾದ ಮಾತ್ರೆ ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲೋಟದ ಮುರುಗಲನ್ನು ಆ ಆಸೆಯಿಂದ ಯಾರೂ ಕುಡಿಯಬೇಕಾಗಿಲ್ಲ. ಬಾಯಾರಿಕೆಗೆ ಕುಡಿಯಲಿ, ರುಚಿಗೆ ಕುಡಿಯಲಿ.

ಈಗ ಜುಲೈ. ಪುನರ್ವಸು ಮಳೆ. ಅದೇ ಮನೆ, ಅದೇ ಜಗಲಿ, ಆದರೆ ಎದುರಿಗಿದ್ದ ಬೆಟ್ಟ ಇಲ್ಲ. ಅಂಗಳದ ಅಂಚಿನಿಂದಾಚೆ ಮಂಜು ಮತ್ತು ನೀರು. ಹೆಂಚಿನಿಂದ ಇಳಿವ ಧಾರೆ ಅಂಗಳದ ಸುತ್ತ ಕಾಲುವೆ ಕೊರೆದಿದೆ. ಬಟ್ಟೆ ಒಣಗಿ ವಾರವಾಗಿದೆ. ಕರೆಂಟು ನಿನ್ನೆ ಹೋದದ್ದು ಇನ್ನೂ ಬಂದಿಲ್ಲ. ಬಚ್ಚಲ ಒಲೆಯ ಉರಿ ಮಾತ್ರ ಬೆಳಗಿನಿಂದ ಆರಿಲ್ಲ. ಛತ್ರಿ ಮಡಚಿ ಕಾಲು ತೊಳೆದು ಒಳಗೆ ಬಂದವರ ಹಲ್ಲು ಕಟಕಟ ಎನ್ನುತ್ತದೆ.

ಮಳೆಗಾಲದ ಲೋಟ ದೊಡ್ಡಾಯಿಯ ಕೈಯದು. ಬೇಸಗೆಯ ಶರಬತ್ತನ್ನು ಸೊಸೆಗೆ ಬಿಟ್ಟುಕೊಟ್ಟಿರುವ ಅವರು ಇದನ್ನು ಬಿಟ್ಟಿಲ್ಲ. ಎಂಬತ್ತರ ಹತ್ತಿರದ ಕೈ ಡಬ್ಬದ ಮುಚ್ಚಳ ತಿರುಗಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಸಹಾಯಕ್ಕೆ ಹೋದರೆ ಬೇಡ ಎನ್ನುತ್ತಾರೆ. ಒಳಗೆ ಮೇ ತಿಂಗಳ ಸಿಪ್ಪೆ: ಕಪ್ಪಾಗಿ ಮುದುರಿ, ಮಳೆಗಾಲದ ತೇವಕ್ಕೆ ಮತ್ತೆ ಕೊಂಚ ಮೆತ್ತಗಾಗಿದೆ. ಮೂಗಿನ ಹತ್ತಿರ ಹಿಡಿದರೆ ಒಣದ್ರಾಕ್ಷಿಗೆ ಸಮೀಪದ ವಾಸನೆ. ಒಂದು ಮುಷ್ಟಿ ತೆಗೆದು ನೀರಿಗೆ ಹಾಕಿ ಪಕ್ಕಕ್ಕಿಡುತ್ತಾರೆ. ಕಪ್ಪು ಸಿಪ್ಪೆಯಿಂದ ಕೆಂಪು ಎಳೆಎಳೆಯಾಗಿ ನೀರಿಗೆ ಬಿಟ್ಟುಕೊಳ್ಳುತ್ತದೆ.

ಅಷ್ಟರಲ್ಲಿ ಒಲೆಯ ಮೇಲೆ ಬೇರೆ ಪಾತ್ರೆ. ಅದರಲ್ಲಿ ನೀರು, ಜಜ್ಜಿದ ಶುಂಠಿ, ಎಂಟ್ಹತ್ತು ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ. ಹಿತ್ತಿಲಿನಿಂದ ತಂದ ಮಜ್ಜಿಗೆ ಹುಲ್ಲಿನ ಎರಡು ಎಸಳನ್ನು ಗಂಟು ಹಾಕಿ ಬಿಡುತ್ತಾರೆ. ಇದು ನೆಗಡಿ ಇದ್ದವರಿಗೆ. ಪಿತ್ತದ ಗಂದೆ ಎದ್ದವರಿಗಾದರೆ ಮೆಣಸು ಶುಂಠಿ ಬಿಟ್ಟು ಬರಿಯ ಜೀರಿಗೆ, ಸೊಗದೆ ಬೇರು. ಮಕ್ಕಳಿಗೆ ಜೀರಿಗೆ ಮತ್ತು ಏಲಕ್ಕಿ. ಬರೆದಿಟ್ಟ ಅಳತೆ ಇಲ್ಲ. ಕುಡಿಯುವವರ ಮುಖ ನೋಡಿ ಕೈ ಡಬ್ಬದಿಂದ ಡಬ್ಬಕ್ಕೆ ಹೋಗುತ್ತದೆ. ನನ್ನ ಮುಖದಲ್ಲಿ ಏನು ಕಂಡಿತೋ, ಎರಡು ಕಾಳುಮೆಣಸು ಹೆಚ್ಚಿಗೆ ಬೀಳುತ್ತವೆ.

ನೀರು ಮುಕ್ಕಾಲಿಗೆ ಇಳಿದ ಮೇಲೆ ಜೋನಿಬೆಲ್ಲ. ಆಲೆಮನೆಯಿಂದ ಡಬ್ಬದಲ್ಲಿ ಬರುವ ಈ ನೀರುಬೆಲ್ಲ ಸೌಟಿನಿಂದ ದಾರದಂತೆ ಇಳಿಯುತ್ತದೆ. ಸಕ್ಕರೆ ಯಾಕಾಗದು ಎಂದು ಕೇಳಬೇಕಾಗಿಲ್ಲ. ಶರಬತ್ತಿಗೆ ಬೇಕಾದದ್ದು ಹಣ್ಣಿನ ಬಣ್ಣ ಮುಚ್ಚದ ಬರಿ ಸಿಹಿ, ಅದಕ್ಕೆ ಸಕ್ಕರೆ. ಕಷಾಯಕ್ಕೆ ಬೇಕಾದದ್ದು ಮೆಣಸನ್ನೂ ಹುಳಿಯನ್ನೂ ಒಟ್ಟಿಗೆ ಹೊರುವ ದಪ್ಪ ಸಿಹಿ, ಅದು ಬೆಲ್ಲದಲ್ಲಿ ಮಾತ್ರ ಇದೆ.

ನಾನು ನೆನೆಸಿದ ಸಿಪ್ಪೆಯನ್ನು ಒಲೆಯ ಪಾತ್ರೆಗೆ ಸುರಿಯಲು ಎತ್ತುತ್ತೇನೆ.

"ಕುದಿಸಡ ತಮ್ಮಾ. ಕುದಿಸಿರೆ ಬಣ್ಣ ಸಾಯ್ತು."

ಪಾತ್ರೆಯನ್ನು ಒಲೆಯಿಂದ ಇಳಿಸಿ, ಕುದಿ ಅಡಗುವವರೆಗೆ ಕಾದು, ಆಮೇಲೆ ಸಿಪ್ಪೆ ಮತ್ತು ಅದರ ನೀರನ್ನು ಒಟ್ಟಿಗೆ ಸುರಿದು ತಟ್ಟೆ ಮುಚ್ಚುತ್ತಾರೆ. ಮುಚ್ಚಿಟ್ಟ ಹೊತ್ತಿನಲ್ಲಿ ಕವಳದ ತಟ್ಟೆ ಎಳೆದುಕೊಂಡು ಒಂದು ಕವಳ ಹಾಕುತ್ತಾರೆ. ಕವಳ ಮಡಚಿ ಬಾಯಿಗಿಟ್ಟು ಎರಡು ಮಾತಾಡಿ ಮುಗಿಯುವಷ್ಟು ಹೊತ್ತು, ಅದೇ ಅವರ ಗಡಿಯಾರ. ತಟ್ಟೆ ತೆಗೆದಾಗ ಹಬೆಯ ಜೊತೆ ಏಳುವುದು ಮೊದಲು ಶುಂಠಿ, ನಂತರ ಮಜ್ಜಿಗೆ ಹುಲ್ಲು, ಎಲ್ಲದರ ಕೆಳಗೆ ಮುರುಗಲು. ಸೋಸಿ ಲೋಟಕ್ಕೆ ಬಿಟ್ಟರೆ ಶರಬತ್ತಿನ ಉರಿಗೆಂಪಲ್ಲ, ಬೆಲ್ಲ ಸೇರಿ ಆಳವಾದ ಕಂದುಗೆಂಪು. ಈ ಊರಿನ ದಿನನಿತ್ಯದ ಕಷಾಯಕ್ಕೆ ಹಾಲು ಬೇಕೇ ಬೇಕು, ಇದಕ್ಕೆ ಮಾತ್ರ ಬೀಳುವಂತಿಲ್ಲ, ಹುಳಿಗೆ ಒಡೆದುಹೋಗುತ್ತದೆ.

ಲೋಟವನ್ನು ಎರಡು ಅಂಗೈ ನಡುವೆ ಹಿಡಿಯುತ್ತೇವೆ. ಬೆರಳಿಗೆ ಜೀವ ಬರುತ್ತದೆ. ಮೊದಲ ಗುಟುಕಿನಲ್ಲಿ ಬೆಲ್ಲ, ಅದು ಇಳಿಯುವಾಗ ಹುಳಿ, ಹುಳಿ ಮುಗಿದಲ್ಲಿ ಮೆಣಸಿನ ಸಣ್ಣ ಉರಿ ಶುರುವಾಗಿ ಕಿವಿಯವರೆಗೆ ಏರುತ್ತದೆ. ತಣ್ಣಗಿದ್ದಾಗ ಹಲ್ಲಿಗೆ ತಾಗುತ್ತಿದ್ದ ಒಗರು ಇಲ್ಲಿ ಎದೆಗೆ ತಾಗುತ್ತದೆ. ಮೇ ತಿಂಗಳ ಲೋಟ ಹಣ್ಣಿನ ಕಡೆಗೆ ವಾಲಿತ್ತು. ಇದು ಬೇರು, ಬೀಜ, ಬೆಲ್ಲ, ಹುಲ್ಲು ಎಲ್ಲವನ್ನೂ ಕರೆದು ಕೂರಿಸಿಕೊಂಡಿದೆ. ಹೊರಗೆ ಮಳೆ ಇನ್ನೊಂದು ಸುತ್ತು ಜೋರಾಗುತ್ತದೆ, ಮಾತು ಕೇಳಿಸದಷ್ಟು. ಯಾರಿಗೂ ಮಾತಾಡುವ ಅವಸರವೂ ಇಲ್ಲ.

ಉಳಿದ ಸಿಪ್ಪೆ ವ್ಯರ್ಥವಲ್ಲ, ಮಧ್ಯಾಹ್ನದ ಸಾರಿಗೆ ಹೋಗುತ್ತದೆ. ಬೆಳ್ಳುಳ್ಳಿ ಒಗ್ಗರಣೆಯ ಮುರುಗಲು ಸಾರನ್ನು ಅನ್ನಕ್ಕೆ ಕಲಸಿ ಉಂಡ ಮೇಲೆ ಇನ್ನೊಂದು ಲೋಟ ಕುಡಿಯದೆ ಯಾರೂ ಏಳುವುದಿಲ್ಲ.

ಬೀಜದ ಲೆಕ್ಕ ಬಾಕಿ ಇತ್ತು. ಬೇಸಗೆಯಲ್ಲಿ ಬೂದಿ ಹಚ್ಚಿ ಒಣಗಿಸಿ ಚೀಲಕ್ಕೆ ತುಂಬಿದ್ದನ್ನು ಪಕ್ಕದ ಕೇರಿಯ ಅಕ್ಕ ಈಗ ಒರಳಿನಲ್ಲಿ ಕುಟ್ಟುತ್ತಿದ್ದಾರೆ. ಪುಡಿಯನ್ನು ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬನ್ನು ಕೆನೆಯಂತೆ ತೆಗೆದಿಡುತ್ತಾರೆ. ತಣಿದರೆ ಅದು ಮೇಣದಂತೆ ಗಟ್ಟಿ, ಬೆರಳ ಬಿಸಿಗೆ ಕರಗುತ್ತದೆ. ಮುರುಗಲು ತುಪ್ಪ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತು ಒಡೆದ ಹಿಮ್ಮಡಿಗೆ ರಾತ್ರಿ ಇದನ್ನು ಬಿಸಿ ಮಾಡಿ ತುಂಬುತ್ತಾರೆ. ಪೇಟೆಯ ಸೌಂದರ್ಯವರ್ಧಕಗಳಲ್ಲಿ ಇದೇ ತುಪ್ಪ ಕೋಕಂ ಬಟರ್ ಎಂಬ ಹೆಸರಲ್ಲಿ ಕೂತಿದೆ. ಈ ಅಕ್ಕನಿಗೆ ಸಿಗುವುದು ಕೆ.ಜಿ. ಲೆಕ್ಕದ ಬೀಜದ ದರ. ಹೆಕ್ಕುವ, ಸೀಳುವ, ಮೋಡ ನೋಡಿ ಓಡುವ ಕೈಗಳಿಗೆ ಈ ಹಣ್ಣಿನ ಬೆಲೆಯಲ್ಲಿ ಇನ್ನೂ ದೊಡ್ಡ ಪಾಲು ಬರಬೇಕು. ಸಿಪ್ಪೆಗಿಂತ ಪಾಕಕ್ಕೆ, ಬೀಜಕ್ಕಿಂತ ತುಪ್ಪಕ್ಕೆ ಬೆಲೆ ಹೆಚ್ಚು. ಆ ಹೆಚ್ಚಿನ ಕೆಲಸ ಈ ಜಗಲಿಯಲ್ಲೇ ಆಗುವಂಥದ್ದು, ಆಗುತ್ತಲೂ ಇದೆ. ಅದರ ಹಣ ಮಾತ್ರ ದೂರದಲ್ಲಿ ನಿಲ್ಲುತ್ತದೆ.

ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿ ಅಣ್ಣ ಗುದ್ದಲಿ ಹಿಡಿದು ಹೊರಡುತ್ತಾನೆ. ಬೆಟ್ಟದ ಅಂಚಿನಲ್ಲಿ ಗುಂಡಿಗಳು ಮೊದಲೇ ತಯಾರಿವೆ. ಬುಟ್ಟಿಯಲ್ಲಿ ಎರಡು ಬಗೆಯ ಗಿಡ. ಒಂದು ಬೀಜದಿಂದ ಎದ್ದದ್ದು, ನೆಟ್ಟಗೆ, ಚೂಪಾಗಿ. ಇನ್ನೊಂದು ಕಸಿ ಗಿಡ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತವೆ, ಅದು ತಿಳಿಯುವುದು ಹೂ ಬಿಟ್ಟಾಗ.

"ಗಂಡೋ ಹೆಣ್ಣೋ ಗೊತ್ತಪ್ಪಲೆ ಏಳೆಂಟು ವರ್ಷ ಬೇಕು," ಎನ್ನುತ್ತಾನೆ ಅಣ್ಣ, ಮಣ್ಣು ತುಳಿಯುತ್ತ.

ಕಸಿ ಗಿಡಕ್ಕೆ ಆ ಸಂಶಯವಿಲ್ಲ, ಫಲ ಕೊಟ್ಟ ಹೆಣ್ಣು ಮರದ ಕುಡಿಯನ್ನೇ ತಂದು ಕೂಡಿಸಿರುತ್ತಾರೆ, ಬೇಗ ಹಣ್ಣೂ ಬಿಡುತ್ತದೆ. ಅದಕ್ಕೂ ಒಂದು ಷರತ್ತಿದೆ. ನೆಟ್ಟಗೆ ಬೆಳೆವ ಕುಡಿಯಿಂದ ಕಸಿ ಕಟ್ಟಬೇಕು. ಪಕ್ಕದ ಕೊಂಬೆಯ ಕುಡಿ ತಂದರೆ ಗಿಡ ಗೋಪುರ ಕಟ್ಟುವುದನ್ನು ಮರೆತು ಬಳ್ಳಿಯಂತೆ ನೆಲದ ಮೇಲೆ ಅಡ್ಡ ಹರಡುತ್ತದೆ. ಹಿಂದೆ ನೆಟ್ಟ ಅಂಥದ್ದೊಂದು ಅಲ್ಲೇ ಇದೆ, ಕೋಲು ಕಟ್ಟಿ ನಿಲ್ಲಿಸಿದ್ದಾರೆ. ಅದರ ಆಚೆ ಬೇಲಿ ಹಾಕಿ ಕಾಪಾಡಿದ ಇನ್ನೊಂದು ಎಳೆಮರ, ಬಿಳಿ ಮುರುಗಲು. ಮಾಗಿದರೂ ಹಣ್ಣು ಹಳದಿಯಾಗಿಯೇ ಉಳಿಯುವ, ಅಪರೂಪವಾಗುತ್ತಿರುವ ಬಗೆ. ಪಿತ್ತಕ್ಕೆ ಅದೇ ಆಗಬೇಕು ಎಂದು ದೊಡ್ಡಾಯಿಯ ಹಟ.

ಕೊನೆಯ ಗುಂಡಿ ಮುಚ್ಚುವಾಗ ಕುಟ್ಟುವ ಕೆಲಸ ಮುಗಿಸಿದ ಅಕ್ಕ ಕಂಬಳಿಕೊಪ್ಪೆ ಹೊದ್ದು ಅದೇ ದಾರಿಯಲ್ಲಿ ಬರುತ್ತಾರೆ. ಬುಟ್ಟಿಯಲ್ಲಿ ಉಳಿದ ಬೀಜದ ಗಿಡಗಳನ್ನು ನೋಡಿ ನಿಂತು, ತಮ್ಮ ಹಿತ್ತಿಲಿಗೆ ಕೊಡುತ್ತೀರಾ ಎಂದು ಕೇಳುತ್ತಾರೆ. ಎಷ್ಟು ಬೇಕು ಎಂದರೆ, "ನಾಕು ಕೊಡಿ, ಅದ್ರಾಗೆ ಒಂದಾದ್ರೂ ಹೆಣ್ಣಾದೀತು." ಅಣ್ಣ ಆರು ಎಣಿಸಿ ಕೊಡುತ್ತಾನೆ, ಜೊತೆಗೆ ಒಂದು ಕಸಿ ಗಿಡ.